ಮೇರಾ ದೀಪ ಬಂದ ದಾರಿ

ದೀಪಾವಳಿ ಹತ್ತಿರ ಬಂತೆಂದರೆ ನಮ್ಮಂಥ ಜಿಲ್ಲಾ ಬಿಡಿ ವರದಿಗಾರರಿಗೆ ಡೆಸ್ಕಿನಿಂದ ಒಂದು ಫೋನು ಬಂದೇ ಬರುತ್ತದೆ. 'ತಾಂಡಾದ್ದು ಒಂದು ಒಳ್ಳೇ ಫೋಟೊ ಕಳ್ಸಿ, ಕಲರ್‌ಫುಲ್ ಆಗಿರ್ಲಿ.' ನಾವು ಬೈಕು ಹತ್ತಿ ಹೊಳಲ್ಕೆರೆ ಕಡೆಗೋ ಹೊಸದುರ್ಗದ ಕಡೆಗೋ ಹೋಗುತ್ತೇವೆ. ಕನ್ನಡಿ ಚೂರು ಹೊಲಿದ ಲಂಗ, ರವಿಕೆ ತೊಟ್ಟು, ಕೈಯಲ್ಲಿ ದೀಪ ಹಿಡಿದ ಹುಡುಗಿಯರ ಸಾಲಿನ ಫೋಟೊ ತೆಗೆಯುತ್ತೇವೆ. ಮರುದಿನ ಒಳಪುಟದಲ್ಲಿ ಮೂರು ಕಾಲಂ ಚಿತ್ರ, ಅದರಡಿ ಒಂದು ಸಾಲು: 'ದೀಪಾವಳಿ ಪ್ರಯುಕ್ತ ಲಂಬಾಣಿ ಯುವತಿಯರು ನೃತ್ಯ ಮಾಡಿ ಸಂಭ್ರಮಿಸಿದರು.'

ವರ್ಷಗಟ್ಟಲೆ ಹೀಗೇ ಬರೆದೆವು. ಒಮ್ಮೆ ಹೊಳಲ್ಕೆರೆ ತಾಲ್ಲೂಕಿನ ಒಂದು ತಾಂಡಾಕ್ಕೆ ಹೋದಾಗ ಒಬ್ಬ ಅಜ್ಜಿ ನಮ್ಮನ್ನು ಮನೆಯೊಳಗೆ ಕರೆದರು. ಹಿಂದಿನ ವರ್ಷದ ಚಿತ್ರವನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಂಡಿದ್ದರು. ಅಡಿಯಲ್ಲಿದ್ದ ಸಾಲನ್ನು ಮೊಮ್ಮಗಳಿಂದ ಓದಿಸಿ ಕೇಳಿದರು: 'ಡ್ಯಾನ್ಸು ಅಂತ ಬರ್ದಿದೀಯಲ್ಲಪ್ಪ. ಈ ಹುಡುಗಿ ಅಳ್ತಾ ಐತೆ, ಕಾಣ್ಲಿಲ್ವ ನಿಂಗೆ?'

ಹತ್ತಿರ ಹೋಗಿ ನೋಡಿದರೆ ನಿಜ. ಸಾಲಿನಲ್ಲಿ ಮೂರನೆಯವಳ ಕೆನ್ನೆ ಒದ್ದೆಯಾಗಿತ್ತು. ಆ ವರ್ಷ ಅವಳಿಗೆ ಮದುವೆ ಗೊತ್ತಾಗಿತ್ತು. ತವರಿನ ತಾಂಡಾದಲ್ಲಿ ಅದು ಅವಳ ಕೊನೆಯ ಮೇರಾ. ನಾವು ತೆಗೆದದ್ದು ಕುಣಿತದ ಫೋಟೊ ಅಲ್ಲ, ಬೀಳ್ಕೊಡುಗೆಯ ಫೋಟೊ.

ಆ ತಪ್ಪನ್ನು ತಿದ್ದಿಕೊಳ್ಳಲು ಹೊರಟ ಮೇಲೆ ನಾವು ಓದಿದ್ದು, ಕೇಳಿದ್ದು, ಕಂಡದ್ದೆಲ್ಲ ಸೇರಿ ಈ ಬರಹವಾಗಿದೆ.

ಮೇರಾ ಅಂದರೆ

ನಮ್ಮ ಊರುಗಳ ದೀಪಾವಳಿ ಎಲ್ಲರಿಗೂ ಗೊತ್ತಿರುವಂಥದ್ದು. ನೀರು ತುಂಬುವುದು, ಎಣ್ಣೆ ಸ್ನಾನ, ಕೆಲವು ಮನೆಗಳಲ್ಲಿ ಹಿರಿಯರಿಗೆ ಎಡೆ, ಪಾಡ್ಯದ ದಿನ ಹೊಸ್ತಿಲಿಗೆ ಸಗಣಿಯ ಉಂಡೆ ಇಟ್ಟು ಹೂ ಸಿಕ್ಕಿಸುವುದು, ದನಗಳ ಪೂಜೆ. ಚಿತ್ರದುರ್ಗದ ಪೇಟೆಯಲ್ಲಿ ರಾಜಸ್ಥಾನದಿಂದ, ಗುಜರಾತಿನಿಂದ ಬಂದು ನೆಲೆಸಿದ ವರ್ತಕರು ಅಂಗಡಿಯಲ್ಲಿ ಲಕ್ಷ್ಮೀಪೂಜೆ ಮಾಡಿ ಹೊಸ ಲೆಕ್ಕದ ಪುಸ್ತಕ ತೆರೆಯುತ್ತಾರೆ.

ತಾಂಡಾದ ಹಬ್ಬ ಬೇರೆ. ಅಮಾವಾಸ್ಯೆಯ ರಾತ್ರಿ ಮದುವೆಯಾಗದ ಹುಡುಗಿಯರು ದೀಪ ಹಚ್ಚಿಕೊಂಡು ಒಟ್ಟಾಗಿ ಹೊರಡುತ್ತಾರೆ. ಮೊದಲು ನಾಯಕನ ಮನೆ. ಆಮೇಲೆ ಸಾಲಾಗಿ ಒಂದೊಂದೇ ಮನೆ. ಪ್ರತಿ ಮನೆಯಲ್ಲೂ ಅಪ್ಪ, ಅವ್ವ, ಅಣ್ಣ, ಅತ್ತಿಗೆ ಎಂದು ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಕರೆದು 'ಮೇರಾ' ಹೇಳುತ್ತಾರೆ. ವರ್ಷಕ್ಕೊಮ್ಮೆ ಬರುವ ದಿನ ಇದು, ನಿಮಗೆ ಒಳ್ಳೆಯದಾಗಲಿ ಎಂಬ ಹಾರೈಕೆ ಅದು. ಹಿರಿಯರು ದುಡ್ಡು ಕೊಟ್ಟು ಹರಸುತ್ತಾರೆ. ಒಂದು ಮನೆಯನ್ನೂ ಬಿಡುವಂತಿಲ್ಲ.

ಮನೆಗಳಲ್ಲಿ ತೀರಿಹೋದ ಹಿರಿಯರ ಹೆಸರಿನಲ್ಲಿ ಕೆಂಡಕ್ಕೆ ತುಪ್ಪ, ಸಿಹಿ ಹಾಕುವುದುಂಟು. ಇದಕ್ಕೆ ಧಬುಕಾರ್ ಎನ್ನುತ್ತಾರೆ. ಮರುದಿನ ಹುಡುಗಿಯರು ಹಾಡುತ್ತ ಅಡವಿಗೆ ಹೋಗಿ ಹೂ ಕಿತ್ತು ತಂದು, ಮನೆಗಳ ಮುಂದಿನ ಸಗಣಿಯ ಗುಪ್ಪೆಗಳಿಗೆ ಏರಿಸುತ್ತಾರೆ. ಅದು ಗೋಧನ. ಇಷ್ಟರಮಟ್ಟಿಗೆ ಊರಿನ ಹಬ್ಬಕ್ಕೂ ತಾಂಡಾದ ಹಬ್ಬಕ್ಕೂ ನಂಟಿದೆ.

ಮಲೆನಾಡಿನಲ್ಲೂ ದೀಪಾವಳಿಯಲ್ಲಿ ದೀಪ ಹೊತ್ತು ಮನೆಮನೆಗೆ ಹೋಗುವ ಅಂಟಿಗೆ ಪಂಟಿಗೆ ಇದೆ. ಅಲ್ಲಿ ಗಂಡಸರ ತಂಡ ಊರಿಂದೂರಿಗೆ ದೀಪ ಒಯ್ಯುತ್ತದೆ. ಇಲ್ಲಿ ಹುಡುಗಿಯರು ತಮ್ಮ ತಾಂಡಾದೊಳಗೇ ಒಯ್ಯುತ್ತಾರೆ. ಏಕೆ ಹೀಗೆ ಎಂದು ಕೇಳಿದ್ದಕ್ಕೆ ಅದೇ ಅಜ್ಜಿ ಹೇಳಿದ್ದು: 'ಹೆಣ್ಣುಮಗಳು ಹೋಗಾಕಿ. ಹೋಗೋದ್ರೊಳಗೆ ಎಲ್ಲರ ಮುಖ ಒಂದ್ಸಲ ನೋಡ್ಬೇಕಲ್ಲ.'

ಈ ಮಾತು ನಮ್ಮ ತಲೆಯಲ್ಲಿ ಉಳಿಯಿತು. ಹೋಗುವುದಕ್ಕೆ ಮುಂಚೆ ಮುಖ ನೋಡುವ ಹಬ್ಬ. ಲಂಬಾಣಿಗರ ಚರಿತ್ರೆ ಓದುತ್ತ ಹೋದಂತೆ, ಹೋಗುವವಳು ಮದುವೆಯಾದ ಹುಡುಗಿ ಒಬ್ಬಳೇ ಅಲ್ಲ, ಇಡೀ ತಾಂಡಾವೇ ಹೋಗುತ್ತಿತ್ತು ಎನ್ನುವುದು ತಿಳಿಯಿತು.

ಗೋಣಿ ಹೊತ್ತ ಎತ್ತುಗಳು

ತಮ್ಮನ್ನು ಅವರು ಕರೆದುಕೊಳ್ಳುವುದು ಗೋರ್ ಎಂದು. ನಾವು ಹೊರಗಿನವರು, ಕೋರ್. ಮೂಲ ರಾಜಸ್ಥಾನದ ಕಡೆಯದು ಎನ್ನುವುದಕ್ಕೆ ಅವರ ಮಾತೇ ಸಾಕ್ಷಿ. ಕನ್ನಡದ ನಡುವೆ ಇಷ್ಟು ಕಾಲ ಬದುಕಿದರೂ ಮನೆಯೊಳಗೆ ಆಡುವುದು ಗೋರ್ ಬೋಲಿ. ಲವಣ, ಅಂದರೆ ಉಪ್ಪು ಸಾಗಿಸುತ್ತಿದ್ದವರು ಲಂಬಾಣಿಗಳಾದರು ಎಂದು ಹೆಸರಿನ ಮೂಲ ಹೇಳುವವರಿದ್ದಾರೆ.

ರೈಲು ಲಾರಿಗಳಿಲ್ಲದ ಕಾಲದಲ್ಲಿ, ಗಾಡಿ ಹೋಗಲಾರದ ದಾರಿಗಳಲ್ಲಿ ದೇಶದ ಉಪ್ಪು, ಧಾನ್ಯ ಸಾಗುತ್ತಿದ್ದುದು ಎತ್ತುಗಳ ಬೆನ್ನ ಮೇಲೆ. ಆ ಎತ್ತುಗಳು ಬಂಜಾರರವು. 1632ರಲ್ಲಿ ಪೀಟರ್ ಮಂಡಿ ಎಂಬ ಇಂಗ್ಲಿಷ್ ಪ್ರಯಾಣಿಕ ಉತ್ತರ ಭಾರತದಲ್ಲಿ ಎದುರಾದ ಒಂದು ತಾಂಡಾದಲ್ಲಿ 14,000 ಎತ್ತುಗಳಿದ್ದವೆಂದು ಬರೆದಿಟ್ಟಿದ್ದಾನೆ. ಗಂಡಸರು, ಹೆಂಗಸರು, ಮಕ್ಕಳು, ನಾಯಿಗಳು ಎಲ್ಲ ಸೇರಿದ ನಡೆಯುವ ಊರು ಅದು. ತಾಂಡಾ ಎಂದರೆ ಮೊದಲಿಗೆ ಈ ನಡೆಯುವ ಗುಂಪು. ಒಂದೆಡೆ ನಿಂತ ಮನೆಗಳ ಸಾಲಿಗೆ ಆ ಹೆಸರು ಬಂದದ್ದು ಆಮೇಲೆ.

ದಖ್ಖನಿಗೆ ಅವರು ಬಂದದ್ದು ಹೆಚ್ಚಾಗಿ ದಂಡುಗಳ ಬೆನ್ನಿಗೆ. 17ನೇ ಶತಮಾನದಲ್ಲಿ ಮೊಗಲ್ ಸೇನೆಗಳು ದಕ್ಷಿಣಕ್ಕೆ ಇಳಿದಾಗ ಅವುಗಳಿಗೆ ಧಾನ್ಯ ಹೊತ್ತವರು ಇವರೇ. ಸೈನಿಕರಿಗೆ ಕಾಳು, ಕುದುರೆಗೆ ಹುರುಳಿ ಬೇಕೇ ಬೇಕು. ಆದ್ದರಿಂದ ಯುದ್ಧ ಮಾಡುವ ಎರಡೂ ಕಡೆಯವರು ಬಂಜಾರರ ಎತ್ತುಗಳನ್ನು ಸಾಧ್ಯವಾದಷ್ಟು ಮುಟ್ಟದೆ ಬಿಡುತ್ತಿದ್ದರು. ಇಂದು ಇವರಿಗೆ ಮಾರಿದವರು ನಾಳೆ ಅವರಿಗೆ ಮಾರಬಹುದಿತ್ತು.

ನಮ್ಮ ಸೀಮೆಗೆ ಈ ಚರಿತ್ರೆ ತೀರ ಹತ್ತಿರ ಬರುವುದು 1791ರಲ್ಲಿ. ಚಿತ್ರದುರ್ಗದ ಕೋಟೆ ಆಗ ಟಿಪ್ಪು ಸುಲ್ತಾನನ ಕೈಯಲ್ಲಿತ್ತು. 1779ರಲ್ಲಿ ಹೈದರಾಲಿ ಮದಕರಿ ನಾಯಕನಿಂದ ಅದನ್ನು ಕಸಿದುಕೊಂಡಿದ್ದ. ಟಿಪ್ಪುವಿನ ವಿರುದ್ಧ ಇಂಗ್ಲಿಷರ ಜೊತೆ ಸೇರಿದ್ದ ಮರಾಠರ ಪರಶುರಾಮ ಭಾವೂನ ದಂಡು ಧಾರವಾಡದಿಂದ ಹರಿಹರಕ್ಕೆ ಬಂದು ಚಿತ್ರದುರ್ಗದ ಸೀಮೆ ಹಾದು ಶ್ರೀರಂಗಪಟ್ಟಣದ ಕಡೆಗೆ ನಡೆಯಿತು. ಆ ದಂಡಿನ ಜೊತೆಗಿದ್ದ ಇಂಗ್ಲಿಷ್ ತುಕಡಿಯ ಅಧಿಕಾರಿ ಎಡ್ವರ್ಡ್ ಮೂರ್ 1794ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ದಂಡಿನ ಧಾನ್ಯ ತರುತ್ತಿದ್ದ ಬಂಜಾರರ ಬಗ್ಗೆ, ಅವರ ಹೆಂಗಸರ ಉಡುಗೆಯ ಬಗ್ಗೆ, ಅವರು ಬೇರೆಯವರೊಡನೆ ಬೆರೆಯದೆ ತಮ್ಮ ಪಾಡಿಗೆ ತಾವಿರುವ ಬಗ್ಗೆ ಅದರಲ್ಲಿ ವಿವರಗಳಿವೆ. ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಆ ಅಧಿಕಾರಿಯ ಕಣ್ಣಿಗೂ ಎದ್ದು ಕಂಡದ್ದು ಉಡುಗೆಯೇ. ನಮ್ಮ ಡೆಸ್ಕಿಗೂ ಕಾಣುವುದು ಅದೇ.

ಆ ಯುದ್ಧದಲ್ಲಿ ಅವರ ಗೋಣಿಗಳ ತೂಕ ಎಷ್ಟಿತ್ತು ಎನ್ನುವುದಕ್ಕೆ ಒಂದೇ ಉದಾಹರಣೆ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರದವರೆಗೂ ಬಂದಿದ್ದ. ಗೆಲುವೂ ಸಿಕ್ಕಿತ್ತು. ಆದರೆ ಸೈನಿಕರಿಗೆ ಅಕ್ಕಿ ಇಲ್ಲ, ಫಿರಂಗಿ ಎಳೆಯಲು ಎತ್ತುಗಳಿಲ್ಲ. ಭಾರದ ಫಿರಂಗಿಗಳನ್ನು ತಾನೇ ಒಡೆಸಿ ಹಿಂದೆ ತಿರುಗಿದ. ಮರುವರ್ಷ ಮತ್ತೆ ಬರುವಾಗ ಬಂಜಾರರ ಸಾವಿರಾರು ಎತ್ತುಗಳ ಧಾನ್ಯ ಜೊತೆಗಿತ್ತು. ಶಾಲೆಯ ಪಾಠದಲ್ಲಿ ಕಾರ್ನ್‌ವಾಲಿಸ್ ಇದ್ದಾನೆ, ಎತ್ತುಗಳಿಲ್ಲ.

ಮಳೆಗಾಲದಲ್ಲಿ ಈ ಎತ್ತುಗಳ ಸಾಲು ನಡೆಯಲಾಗುತ್ತಿರಲಿಲ್ಲ. ಹಳ್ಳ ತುಂಬುತ್ತದೆ, ಎರೆಮಣ್ಣು ಕಾಲು ಹಿಡಿಯುತ್ತದೆ, ಗೋಣಿಯ ಉಪ್ಪು ಕರಗುತ್ತದೆ. ಹುಲ್ಲು ನೀರು ಇರುವ ಕಡೆ ನಾಲ್ಕು ತಿಂಗಳು ಬೀಡು ಬಿಟ್ಟು, ಮಳೆ ನಿಂತು ದಾರಿ ಒಣಗಿದ ಮೇಲೆ ಹೊರಡಬೇಕು. ದಾರಿ ಒಣಗುವುದು, ಹೊಸ ಕಾಳು ಕೈಗೆ ಬರಲು ತೊಡಗುವುದು, ಎರಡೂ ದೀಪಾವಳಿಯ ಆಸುಪಾಸಿಗೆ. ಹೊರಡುವ ಮುಂಚೆ ಗುಂಪಿನ ಪ್ರತಿ ಬಿಡಾರದ ಮುಂದೆ ದೀಪ ಹಿಡಿದು ನಿಂತು ಒಬ್ಬೊಬ್ಬರ ಹೆಸರು ಹಿಡಿದು ಹಾರೈಸುವ ಮೇರಾ, ಈ ಹೊರಡುವಿಕೆಯ ಹಬ್ಬವೂ ಆಗಿದ್ದಿರಬೇಕು. ಇದು ಪುಸ್ತಕದಲ್ಲಿ ಸಿಕ್ಕ ಮಾತಲ್ಲ, ನಮ್ಮ ಊಹೆ. ಅಜ್ಜಿಯ ಮಾತು ಕೇಳಿದ ಮೇಲೆ ಹುಟ್ಟಿದ ಊಹೆ.

ದಾರಿ ನಿಂತದ್ದು

19ನೇ ಶತಮಾನದಲ್ಲಿ ದಾರಿಯೇ ಕೈತಪ್ಪಿತು. ಉಪ್ಪಿನ ವ್ಯಾಪಾರವನ್ನು ಬ್ರಿಟಿಷ್ ಸರ್ಕಾರ ತನ್ನ ಹಿಡಿತಕ್ಕೆ ತೆಗೆದುಕೊಂಡು ತೆರಿಗೆ ಹೇರಿತು. ಗಾಡಿ ರಸ್ತೆಗಳಾದವು. ಆಮೇಲೆ ರೈಲು. ಬೆಂಗಳೂರಿನಿಂದ ಗುಬ್ಬಿಗೆ 1884ರಲ್ಲಿ ಬಂದ ರೈಲು 1889ರ ಹೊತ್ತಿಗೆ ಹರಿಹರ ಮುಟ್ಟಿತು. ಹೊಸದುರ್ಗ ರೋಡ್, ಚಿಕ್ಕಜಾಜೂರು ನಿಲ್ದಾಣಗಳು ಈ ದಾರಿಯವೇ. ನೂರು ಎತ್ತು ತಿಂಗಳು ನಡೆದು ತರುವುದನ್ನು ಒಂದು ಬೋಗಿ ಒಂದೆರಡು ದಿನದಲ್ಲಿ ತಂದು ಇಳಿಸತೊಡಗಿತು.

ಇದರ ಜೊತೆಗೆ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ. ಒಂದು ಕಡೆ ನೆಲೆ ನಿಲ್ಲದವರೆಲ್ಲ ಸರ್ಕಾರದ ಕಣ್ಣಿಗೆ ಅನುಮಾನದವರು. ಹಲವು ಪ್ರಾಂತ್ಯಗಳ ಪಟ್ಟಿಯಲ್ಲಿ ಬಂಜಾರರ ಹೆಸರೂ ಸೇರಿತು. ನಿನ್ನೆಯವರೆಗೂ ಸರ್ಕಾರದ ದಂಡಿಗೆ ಅನ್ನ ಹೊತ್ತವರು, ಈಗ ಹುಟ್ಟಿನಿಂದಲೇ ಕಳ್ಳರು. ಆ ಕಾಯ್ದೆ ರದ್ದಾದದ್ದು ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ, 1952ರಲ್ಲಿ. ಅದರ ಮಾತು ಮಾತ್ರ ಪೂರ್ತಿ ರದ್ದಾಗಿಲ್ಲ. ಸಂತೆಯಲ್ಲಿ ಏನಾದರೂ ಕಳುವಾದರೆ ಮೊದಲು ತಾಂಡಾದ ಕಡೆ ನೋಡುವವರನ್ನು ನಾವೇ ಕಂಡಿದ್ದೇವೆ.

ಎತ್ತು ಮಾರಿದವರು ಎಲ್ಲಿ ನಿಂತರು? ಊರಿನ ಒಳಗೆ ಜಾಗವಿರಲಿಲ್ಲ. ಗುಡ್ಡದ ಬುಡ, ಕಾವಲಿನ ಅಂಚು, ಕಾಡಿನ ಬದಿ. ಹೊಳಲ್ಕೆರೆ, ಹೊಸದುರ್ಗದ ಗುಡ್ಡಸಾಲಿನ ತಾಂಡಾಗಳನ್ನು ನೋಡಿದರೆ ಇದು ಗೊತ್ತಾಗುತ್ತದೆ. ಕಟ್ಟಿಗೆ, ಹುಲ್ಲು ಮಾರಿ, ಕೂಲಿ ಮಾಡಿ, ತುಂಡು ಹೊಲ ಮಾಡಿಕೊಂಡು ಬದುಕಿದರು. ನಮ್ಮ ಜಿಲ್ಲೆಯಲ್ಲಿ ಗೊಲ್ಲರಹಟ್ಟಿ ಇದ್ದಂತೆ ಕೆಲವು ಕಡೆ ಲಂಬಾಣಿಹಟ್ಟಿ ಎಂಬ ಹೆಸರೂ ನಿಂತಿತು. ಹಟ್ಟಿ ಎನ್ನುವುದು ಇಲ್ಲಿಯ ಮಾತು. ಬಂದವರಿಗೆ ನೆಲ ಇಲ್ಲಿಯ ಹೆಸರು ಕೊಟ್ಟಿತು, ದಾಖಲೆ ಮಾತ್ರ ಕೊಡಲಿಲ್ಲ. ಹಲವು ತಾಂಡಾಗಳು ಕಂದಾಯ ಗ್ರಾಮಗಳೇ ಆಗಿರಲಿಲ್ಲ. ಮನೆ ಕಟ್ಟಿ ಮೂರು ತಲೆಮಾರಾದರೂ ಅದು ಯಾರದೋ ಸರ್ವೆ ನಂಬರಿನಲ್ಲಿತ್ತು. ಭೂಸುಧಾರಣಾ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾದ ಮೇಲೆ ಇಂಥ ದಾಖಲೆರಹಿತ ವಸತಿಗಳಿಗೆ ಹಕ್ಕುಪತ್ರದ ದಾರಿ ತೆರೆಯಿತು. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿಯ ಸಮ್ಮುಖದಲ್ಲಿ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಯಾಯಿತು. ಅವು ಉತ್ತರ ಕರ್ನಾಟಕದ ಜಿಲ್ಲೆಗಳವು. ನಮ್ಮ ಕಡೆಯ ತಾಂಡಾಗಳಲ್ಲಿ ಇಂದಿಗೂ ಬಾಯಲ್ಲಿ ಓಡಾಡುವ ಮೊದಲ ಪ್ರಶ್ನೆ ಇದೇ: 'ನಮ್ದು ಯಾವಾಗ, ಸಾರ್?'

ಹೆದ್ದಾರಿ ಬದಿಯ ಮೇಣದಬತ್ತಿ

ಒಂದು ದೀಪಾವಳಿ ರಾತ್ರಿ ತಾಂಡಾದ ಫೋಟೊ ಕಳಿಸಿ, ಹಿರಿಯೂರಿನ ಹತ್ತಿರ ಹೆದ್ದಾರಿ ಬದಿಯ ಢಾಬಾದಲ್ಲಿ ಊಟಕ್ಕೆ ನಿಂತಿದ್ದೆವು. ಬೆಂಗಳೂರು–ಪುಣೆ ಹೆದ್ದಾರಿಯೂ ಮೈಸೂರು ಕಡೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯೂ ಕೂಡುವ ಊರು ಹಿರಿಯೂರು. ದೇಶದ ಎಲ್ಲ ರಾಜ್ಯದ ಲಾರಿಗಳೂ ಇಲ್ಲಿ ಸಿಗುತ್ತವೆ. ಅಂದು ಪಂಜಾಬಿನ ನಂಬರಿನ ಲಾರಿಯ ಮುಂದೆ, ಮಣ್ಣಿನ ಮೇಲೆ, ಪೇಟ ಸುತ್ತಿದ ವಯಸ್ಸಾದ ಚಾಲಕರೊಬ್ಬರು ನಾಲ್ಕು ಮೇಣದಬತ್ತಿ ಹಚ್ಚಿದ್ದರು. ಗಾಳಿಗೆ ಆರುತ್ತಿದ್ದವು, ಮತ್ತೆ ಹಚ್ಚುತ್ತಿದ್ದರು.

ನಿಮಗೂ ದೀಪಾವಳಿ ಉಂಟಾ ಎಂದು ನಮ್ಮ ಅರೆಬರೆ ಹಿಂದಿಯಲ್ಲಿ ಕೇಳಿದೆವು. ಉಂಟು, ಆದರೆ ನಮ್ಮ ಕಥೆ ಬೇರೆ ಎಂದರು. ಸಿಖ್ಖರಿಗೆ ಆ ದಿನ ಬಂದೀ ಛೋಡ್ ದಿವಸ, ಬಂದಿಗಳು ಬಿಡುಗಡೆಯಾದ ದಿನ. ಆರನೇ ಗುರು ಹರಗೋಬಿಂದರನ್ನು ಜಹಾಂಗೀರ್ ಬಾದಶಹ ಗ್ವಾಲಿಯರ್ ಕೋಟೆಯಲ್ಲಿ ಇರಿಸಿದ್ದ. ಬಿಡುಗಡೆಯ ಅಪ್ಪಣೆ ಬಂದಾಗ ಗುರುಗಳು ಒಬ್ಬರೇ ಹೊರಡಲು ಒಪ್ಪಲಿಲ್ಲ. ನಿಮ್ಮ ಅಂಗಿಯನ್ನು ಎಷ್ಟು ಜನ ಹಿಡಿದುಕೊಳ್ಳಬಲ್ಲರೋ ಅಷ್ಟು ಜನರನ್ನು ಕರೆದೊಯ್ಯಿರಿ ಎಂದಾಗ, 52 ಗೊಂಡೆಗಳ ನಿಲುವಂಗಿ ಹೊಲಿಸಿ, ಸೆರೆಯಲ್ಲಿದ್ದ 52 ರಾಜರನ್ನೂ ಹೊರತಂದರು ಎನ್ನುವುದು ಸಂಪ್ರದಾಯ. ಅವರು ಅಮೃತಸರಕ್ಕೆ ಮರಳಿದ್ದು ದೀಪಾವಳಿಗೆ. ಹರಮಂದಿರದಲ್ಲಿ ಸಾಲುದೀಪ ಹಚ್ಚುವುದು ಆ ನೆನಪಿಗೆ. ದೀಪಾವಳಿ, ವೈಶಾಖಿಗಳಂದು ಒಟ್ಟು ಸೇರುವ ಪದ್ಧತಿ ಮೂರನೇ ಗುರು ಅಮರದಾಸರ ಕಾಲದಿಂದಲೇ ಸಿಖ್ಖರಲ್ಲಿತ್ತು.

ಅಲ್ಲಿ ದೀಪ ಬಂದವರಿಗೆ, ತಾಂಡಾದಲ್ಲಿ ದೀಪ ಹೊರಡುವವರಿಗೆ. ಆ ಚಾಲಕರ ಮೇಣದಬತ್ತಿ ಎರಡರ ನಡುವಿನದು. ಮನೆಯಿಂದ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ, ದಾರಿಯ ಮಧ್ಯೆ.

ಈ ಎರಡು ಜನರ ದಾರಿಗಳು ಹಿಂದೆಯೂ ಕೂಡಿದ್ದವು. 1675ರ ನವೆಂಬರಿನಲ್ಲಿ ದೆಹಲಿಯ ಚಾಂದನಿ ಚೌಕದಲ್ಲಿ ಒಂಬತ್ತನೇ ಗುರು ತೇಗ್ ಬಹಾದೂರರ ಶಿರಚ್ಛೇದವಾಯಿತು. ಔರಂಗಜೇಬನ ಕಾವಲಿನಲ್ಲಿದ್ದ ದೇಹವನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಸರಕು ಸಾಗಿಸುವ ವರ್ತಕ ಲಖಿ ಶಾ ಬಂಜಾರಾ ತನ್ನ ಗಾಡಿಗಳ ಸಾಲಿನಲ್ಲಿ ಅದನ್ನು ಅಡಗಿಸಿ ತನ್ನ ಮನೆಗೆ ತಂದ. ಬಹಿರಂಗವಾಗಿ ಚಿತೆ ಮಾಡುವಂತಿರಲಿಲ್ಲ. ಮನೆಯೊಳಗೆ ದೇಹವಿಟ್ಟು ಮನೆಗೇ ಬೆಂಕಿ ಹಚ್ಚಿದ. ಸಿಖ್ಖರು ಇಂದಿಗೂ ಹೇಳುವ ಕಥೆ ಇದು. ಆ ಜಾಗದಲ್ಲೇ ದೆಹಲಿಯ ರಕಾಬ್‌ಗಂಜ್ ಗುರುದ್ವಾರ ಇದೆ, ಸಂಸತ್ ಭವನದ ಪಕ್ಕದಲ್ಲಿ.

ನಮ್ಮ ತಾಂಡಾದವರು ಲಖಿ ಶಾನ ವಂಶದವರೆಂದು ನಾವು ಹೇಳುತ್ತಿಲ್ಲ. ಇಲ್ಲಿಯವರ ಆರಾಧ್ಯರು ಸೇವಾಲಾಲ್ ಮಹಾರಾಜರು. ನಮ್ಮ ಪಕ್ಕದ ದಾವಣಗೆರೆ ಜಿಲ್ಲೆಯ ಸೂರಗೊಂಡನಕೊಪ್ಪ ಅವರ ಜನ್ಮಸ್ಥಳವೆಂದು ನಂಬಿ ಪ್ರತಿ ಫೆಬ್ರವರಿಯಲ್ಲಿ ಲಕ್ಷಾಂತರ ಜನ ಸೇರುತ್ತಾರೆ. ಆದರೆ ಬೇರಾರ್ ಕಡೆಯ ಬಂಜಾರರು ಗುರು ನಾನಕರ ಹೆಸರು ಹೇಳುತ್ತಿದ್ದುದನ್ನು 19ನೇ ಶತಮಾನದ ಬ್ರಿಟಿಷ್ ಅಧಿಕಾರಿಗಳು ಬರೆದಿದ್ದಾರೆ. ನಮ್ಮದೇ ರಾಜ್ಯದ ಬೀದರಿನಲ್ಲಿ ನಾನಕ್ ಝೀರಾ ಇದೆ. 1699ರಲ್ಲಿ ಗುರು ಗೋಬಿಂದ್ ಸಿಂಗರ ಕರೆಗೆ ತಲೆ ಕೊಡಲು ಎದ್ದುನಿಂತ ಐವರು ಪ್ರಿಯರಲ್ಲಿ ಒಬ್ಬರಾದ ಸಾಹಿಬ್ ಸಿಂಗ್ ಬೀದರಿನವರು. ದಾರಿ ನಡೆಯುವ ಜನ ಉಪ್ಪು, ಕಾಳಿನ ಜೊತೆ ಗುರುಗಳ ಮಾತನ್ನೂ ಹೊತ್ತು ತಂದಿದ್ದರೆ ಆಶ್ಚರ್ಯವಿಲ್ಲ. ಇವರನ್ನು ವಲಸಿಗರು ಎಂದು ಒಂದೇ ಮಾತಿನಲ್ಲಿ ಬರೆದುಬಿಡುವಾಗ ಇಷ್ಟೆಲ್ಲ ದಾರಿ ಅಳಿಸಿಹೋಗುತ್ತದೆ.

ಈಗಲೂ ಹೊರಡುವವರು

ಎತ್ತು ಹೋದವು, ಹೊರಡುವುದು ನಿಲ್ಲಲಿಲ್ಲ. ದೀಪಾವಳಿ ಮುಗಿದ ವಾರದಲ್ಲಿ ಯಾವುದಾದರೂ ತಾಂಡಾಕ್ಕೆ ಹೋಗಿ ನೋಡಿ. ಬೆಳಗಿನ ಜಾವ ಗಾಡಿಗಳು ಬಂದು ನಿಂತಿರುತ್ತವೆ. ಪಾತ್ರೆ, ಹಾಸಿಗೆ, ಅಕ್ಕಿ ಮೂಟೆ, ಕೋಳಿ, ಮಕ್ಕಳು ಎಲ್ಲ ಏರುತ್ತಾರೆ. ಚಿಕ್ಕಮಗಳೂರು, ಹಾಸನ ಕಡೆಯ ಕಾಫಿ ತೋಟಗಳಲ್ಲಿ ಹಣ್ಣು ಬಿಡಿಸುವ ಕೆಲಸ ನವೆಂಬರಿನಿಂದ ಶುರು. ಕೆಲವರು ಕಬ್ಬು ಕಡಿಯಲು, ಕೆಲವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ಮರಳುವುದು ಬೇಸಿಗೆಗೆ. ಅಲ್ಲಿಯವರೆಗೆ ತಾಂಡಾದಲ್ಲಿ ಮುದುಕರು, ಬೀಗ, ನಾಯಿಗಳು.

ಇದರ ಲೆಕ್ಕ ಬೀಳುವುದು ಮಕ್ಕಳ ಮೇಲೆ. ತಾಂಡಾದ ಶಾಲೆಯ ಹಾಜರಿ ಪುಸ್ತಕದಲ್ಲಿ ದೀಪಾವಳಿಯ ನಂತರ ಗೈರುಗಳ ಸಾಲು ಶುರುವಾಗುತ್ತದೆ. ಮನೆಯ ಸರ್ವೆಗೆ, ಪಟ್ಟಿ ಪರಿಷ್ಕರಣೆಗೆ ಬಂದವರು ಬೀಗ ನೋಡಿ ಹೋಗುತ್ತಾರೆ. ಆಮೇಲೆ ಹಕ್ಕುಪತ್ರದ ಪಟ್ಟಿಯಲ್ಲಿ ಹೆಸರು ಇಲ್ಲ ಎಂದು ಅಲೆಯುವವರೂ ಇವರೇ. 18ನೇ ಶತಮಾನದಲ್ಲಿ ನಡೆಯುತ್ತಿದ್ದರೆಂದೇ ಇವರು ದಂಡಿಗೆ ಬೇಕಾಗಿದ್ದರು, 19ರಲ್ಲಿ ನಡೆಯುತ್ತಿದ್ದರೆಂದೇ ಅಪರಾಧಿಗಳಾದರು. ಈಗ ನಡೆಯುತ್ತಾರೆಂದೇ ಪಟ್ಟಿಯಿಂದ ಬಿಟ್ಟುಹೋಗುತ್ತಾರೆ.

ಕಳೆದ ದೀಪಾವಳಿಗೆ ಮತ್ತೆ ಅದೇ ತಾಂಡಾಕ್ಕೆ ಹೋಗಿದ್ದೆವು. ಮೇರಾ ಹೊರಟ ಹುಡುಗಿಯರು ಏಳೇ ಜನ. ಹಲವರು ಹಾಸ್ಟೆಲಿನಲ್ಲಿ, ಕೆಲವರು ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ. ಒಬ್ಬಳು ವಿಡಿಯೊ ಕರೆಯಲ್ಲಿ ಬಂದಳು. ಅವಳ ತಂಗಿ ಒಂದು ಕೈಯಲ್ಲಿ ದೀಪ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಪ್ರತಿ ಮನೆಯ ಬಾಗಿಲಿಗೂ ತೋರಿಸಿದಳು. ಅಜ್ಜಿ ಫೋನಿನ ಗಾಜನ್ನು ಸವರಿ ಹರಸಿದರು. ನಾವು 'ಈ ಸಲ ಸರಿಯಾಗಿ ಬರೀತೀವಿ ಯಾಡಿ' ಎಂದೆವು. ಯಾಡಿ ಎಂದರೆ ಅವರ ಮಾತಿನಲ್ಲಿ ಅವ್ವ. 'ಬರಿ, ನೋಡೋಣ' ಎಂದರು.

ಚಿತ್ರದ ಅಡಿಗೆ ಎರಡು ಸಾಲು ಬರೆದು ಕಳಿಸಿದೆವು. 'ದೀಪಾವಳಿ ಅಮಾವಾಸ್ಯೆಯ ರಾತ್ರಿ ತಾಂಡಾದ ಹುಡುಗಿಯರು ಮನೆಮನೆಗೆ ತೆರಳಿ ಮೇರಾ ಹೇಳಿ ಹಿರಿಯರ ಹರಕೆ ಪಡೆದರು. ಇವರಲ್ಲಿ ಹಲವರ ಕುಟುಂಬಗಳು ಮುಂದಿನ ವಾರ ಕಾಫಿ ತೋಟದ ಕೂಲಿಗೆ ಹೊರಡಲಿವೆ.'

ಮೊದಲ ಸಾಲು ಅಚ್ಚಾಯಿತು. ಎರಡನೆಯದಕ್ಕೆ ಜಾಗ ಸಾಲಲಿಲ್ಲ. ಅದನ್ನು ಇಲ್ಲಿ ಹಾಕಿದ್ದೇವೆ.